ಒಂಟಿ ಮರಿ: ಕಾವು, ನೂಕಾಟ, ಕಚ್ಚಾಟ

ನಾಯಿ ಒಂದೇ ಮರಿ ಹಾಕಿದರೆ ಕೆಲಸ ಸಲೀಸು ಅನ್ನುವವರೇ ಹೆಚ್ಚು. ಐದಾರು ಮರಿಗಳಿದ್ದಾಗ ಅವು ಮೈಗೆ ಮೈ ತಾಗಿಸಿ ಕಾವು ಉಳಿಸಿಕೊಳ್ಳುತ್ತವೆ, ಮೊಲೆಗಾಗಿ ನೂಕಾಡುತ್ತವೆ, ಕಚ್ಚಾಡುತ್ತಲೇ ಎಷ್ಟು ಕಚ್ಚಿದರೆ ನೋಯುತ್ತದೆ ಎಂದು ಕಲಿಯುತ್ತವೆ. ಒಂಟಿ ಮರಿಗೆ ಹಾಲು ಹೇರಳ, ಈ ಮೂರೂ ಇಲ್ಲ. ಅವನ್ನು ಸಾಕುವವರೇ ಒದಗಿಸಬೇಕು. ಮೈಸೂರಿನ ಮನೆಯಲ್ಲಿ ನಾನು ಅನುಸರಿಸುವ ಕ್ರಮ ಇದು.

ಶುರು ಮಾಡಬೇಕಾದ್ದು ಹೆರಿಗೆಗೂ ಮೊದಲು. ಗಬ್ಬದ 55ನೇ ದಿನ ದಾಟಿದ ಮೇಲೆ ಎಕ್ಸ್‌ರೇ ತೆಗೆಸಿದರೆ ಮರಿ ಎಷ್ಟೆಂದು ಗೊತ್ತಾಗುತ್ತದೆ. ಹೆರಿಗೆ ಶುರುವಾಗಲು ಮರಿಗಳ ಮೈಯಿಂದಲೇ ಹಾರ್ಮೋನಿನ ಸೂಚನೆ ಹೋಗಬೇಕು. ಒಂದೇ ಮರಿಯ ಸೂಚನೆ ಕೆಲವೊಮ್ಮೆ ಸಾಲುವುದಿಲ್ಲ. ದಿನ ಮುಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ಮರಿ ದಪ್ಪವಾಗಿ ಹೊರಬರಲು ಕಷ್ಟವಾಗುತ್ತದೆ. ಹಾಗಾಗಿ 58ನೇ ದಿನದಿಂದ ದಿನಕ್ಕೆರಡು ಸಲ ತಾಯಿಯ ಮೈಕಾವು ಅಳೆದು ನೋಡುತ್ತೇನೆ. 99 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದು 24 ಗಂಟೆಯಾದರೂ ನೋವು ಕಾಣದಿದ್ದರೆ, ಹಸಿರು ಬಣ್ಣದ ಸ್ರಾವ ಬಂದೂ ಮರಿ ಬರದಿದ್ದರೆ, ಅಥವಾ ಕಾವು ಇಳಿಯದೆಯೇ 65 ದಿನ ದಾಟಿದರೆ ವೈದ್ಯರ ಹತ್ತಿರ ಹೋಗಲೇಬೇಕು. ಒಂಟಿ ಮರಿಗೆ ಸಿಸೇರಿಯನ್ ಆಗುವ ಸಂಭವ ಹೆಚ್ಚು, ಆದ್ದರಿಂದ ರಾತ್ರಿ ಬಾಗಿಲು ತೆರೆಯುವ ವೈದ್ಯರು ಯಾರೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಸಿಸೇರಿಯನ್ ಆದ ತಾಯಿ ಅರವಳಿಕೆಯ ಮಂಪರಿನಲ್ಲಿರುತ್ತದೆ. ಮರಿಯನ್ನು ನಾವೇ ಮೊಲೆಗೆ ಹಿಡಿದು, ಮೊದಲ ದಿನದ ಗಿಣ್ಣು ಹಾಲು ಒಳಗೆ ಹೋಗುವಂತೆ ನೋಡಿಕೊಳ್ಳಬೇಕು.

ಮೊದಲ ವಾರ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಅದು ಮಲಗುವ ಮೂಲೆ ಮೊದಲ ವಾರ 29ರಿಂದ 32 ಡಿಗ್ರಿ ಸೆಲ್ಸಿಯಸ್, ಆಮೇಲಿನ ಎರಡು ವಾರ ಸುಮಾರು 26 ಡಿಗ್ರಿ ಇರಬೇಕು. ಧನುರ್ಮಾಸದ ರಾತ್ರಿಗಳಲ್ಲಿ ನಮ್ಮಲ್ಲಿ 16–17 ಡಿಗ್ರಿಗೆ ಇಳಿಯುತ್ತದೆ, ತಾಯಿ ಹತ್ತು ನಿಮಿಷ ಎದ್ದು ಹೋದರೂ ಮರಿ ತಣ್ಣಗಾಗುತ್ತದೆ. ಮಂಡ್ಯ ಕಡೆಯ ಹಳ್ಳಿಗಳಲ್ಲಿ ಕರೆಂಟು ನಂಬಿ ಬಲ್ಬು ಕಟ್ಟುವುದಕ್ಕಿಂತ ರಬ್ಬರಿನ ಬಿಸಿನೀರಿನ ಚೀಲವೇ ವಾಸಿ. ಅದಕ್ಕೆ ಎರಡು ಸುತ್ತು ಟವೆಲ್ ಸುತ್ತಿ ಪೆಟ್ಟಿಗೆಯ ಒಂದೇ ಬದಿಗಿಡಿ, ಸೆಕೆಯಾದರೆ ಮರಿ ತೆವಳಿ ದೂರ ಹೋಗಲು ಜಾಗವಿರಲಿ. ಎರಡು ಮೂರು ಗಂಟೆಗೊಮ್ಮೆ ನೀರು ಬದಲಿಸಿ. ಪಕ್ಕದಲ್ಲಿ ಕಂಬಳಿಯ ತುಂಡನ್ನು ಸುರುಳಿ ಮಾಡಿ, ಮೇಲೆ ಹಳೆಯ ಪಂಚೆ ಸುತ್ತಿ, ತಾಯಿಯ ಮೈಗೆ ಒರೆಸಿ ಇಟ್ಟರೆ ಮರಿ ಅದಕ್ಕೆ ಆತು ಮಲಗುತ್ತದೆ.

ತಣ್ಣಗಾದ ಮರಿಗೆ ಹಾಲು ಕುಡಿಸಲೇಬೇಡಿ. ಮೈ ತಣ್ಣಗಿದ್ದಾಗ ಕರುಳು ಕೆಲಸ ನಿಲ್ಲಿಸಿರುತ್ತದೆ, ಹಾಲು ಹೊಟ್ಟೆಯಲ್ಲೇ ನಿಲ್ಲುತ್ತದೆ ಅಥವಾ ಶ್ವಾಸಕೋಶಕ್ಕೆ ಹೋಗುತ್ತದೆ. ಅಂಗಿಯೊಳಗೆ ಎದೆಗೆ ತಾಗಿಸಿಕೊಂಡು ನಿಧಾನವಾಗಿ ಬಿಸಿಯಾಗಿಸಿ, ಆಮೇಲೆ ಕುಡಿಸಿ. ತಾಯಿ ಹತ್ತಿರ ಸೇರಿಸದಿದ್ದರೆ ಪೆಟ್ ಅಂಗಡಿಯಲ್ಲಿ ಸಿಗುವ ಮರಿಗಳ ಹಾಲಿನ ಪುಡಿಯೇ ಬೇಕು. ಹಸುವಿನ ಹಾಲಿನಲ್ಲಿ ಪ್ರೋಟೀನೂ ಕೊಬ್ಬೂ ನಾಯಿಹಾಲಿನ ಅರ್ಧದಷ್ಟೇ, ಲ್ಯಾಕ್ಟೋಸ್ ಅನ್ನುವ ಹಾಲಿನ ಸಕ್ಕರೆ ಮಾತ್ರ ಹೆಚ್ಚು, ಭೇದಿ ಹತ್ತುತ್ತದೆ. ಕುಡಿಸುವಾಗ ಮರಿ ಹೊಟ್ಟೆಯ ಮೇಲೆ ಮಲಗಿರಲಿ. ಮಗುವಿನಂತೆ ಅಂಗಾತ ಹಿಡಿದರೆ ಹಾಲು ಶ್ವಾಸನಾಳಕ್ಕೆ ಇಳಿಯುತ್ತದೆ.

ತಾಯಿಯ ಹಾಲೇ ಸಿಗುತ್ತಿದ್ದರೆ ತೊಂದರೆ ಬೇರೆ. ದಿನಾ ಒಂದೇ ಹೊತ್ತಿಗೆ ಅಡುಗೆಮನೆಯ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ ಬರೆದಿಡಿ. 300 ಗ್ರಾಂ ಹುಟ್ಟಿದ ಮರಿ 8ರಿಂದ 10ನೇ ದಿನಕ್ಕೆ 600 ಆಗುವುದು ಸರಿಯಾದ ಓಟ. ಒಂಟಿ ಮರಿ ಎಷ್ಟೋ ಸಲ ಅದಕ್ಕಿಂತ ಮೊದಲೇ ಅಲ್ಲಿಗೆ ಮುಟ್ಟುತ್ತದೆ. ಕುಡಿದು, ಹೊಟ್ಟೆಯ ಮೇಲೆ ಬಿದ್ದುಕೊಂಡು, ತಳ್ಳುವವರಿಲ್ಲದೆ ಅಲ್ಲೇ ನಿದ್ದೆ ಮಾಡುತ್ತದೆ. ಎಳೆಯ ಎದೆಗೂಡು ಮೈಭಾರಕ್ಕೆ ಚಪ್ಪಟೆಯಾಗುತ್ತದೆ, ಕಾಲುಗಳು ಆಮೆಯಂತೆ ಪಕ್ಕಕ್ಕೆ ಚಾಚುತ್ತವೆ. ಮೂರು ವಾರವಾದರೂ ಎದ್ದು ನಿಲ್ಲದೆ ಈಜಿದಂತೆ ತೆವಳುವ ಮರಿ ಇದೇ.

ಇದಕ್ಕೆ ಹಾಸಿಗೆಯೇ ಮದ್ದು. ಕಾವಿ ನೆಲ, ಟೈಲ್ಸ್, ನ್ಯೂಸ್‌ಪೇಪರ್ ಮೂರೂ ಜಾರುತ್ತವೆ. ನಾನು ಹಾಸುವುದು ಒಗೆದು ಒಣಗಿಸಿದ ಗೋಣಿಚೀಲ, ಅದರ ಮೇಲೆ ಒರಟು ಟವೆಲ್, ಎರಡರ ಅಂಚನ್ನೂ ಪೆಟ್ಟಿಗೆಯ ಅಡಿಗೆ ಬಿಗಿದು ಕಟ್ಟಿ. ಗೋಣಿಯ ಕೆಳಗೆ ಬಟ್ಟೆಯ ಸಣ್ಣ ಸುರುಳಿಗಳನ್ನು ಗೇಣಿಗೊಂದರಂತೆ, ಉತ್ತ ಹೊಲದ ಸಾಲಿನ ಹಾಗೆ ಇಡುತ್ತೇನೆ. ಏರು ತಗ್ಗು ಹತ್ತಿ ಇಳಿಯುವಾಗ ಕಾಲು ಮೈಯಡಿಗೆ ಬರುತ್ತದೆ. ಮರಿ ನಿದ್ದೆ ಹೋದಾಗಲೆಲ್ಲ ಮಗ್ಗುಲಿಗೆ ತಿರುಗಿಸಿ, ಒಮ್ಮೆ ಎಡ, ಒಮ್ಮೆ ಬಲ. 16–18 ದಿನಕ್ಕೆ ಹಿಂಗಾಲು ಒಳಗೆ ಬರದಿದ್ದರೆ ವೈದ್ಯರು ಎರಡು ಹಿಂಗಾಲಿನ ನಡುವೆ ಮೆತ್ತಗಿನ ಟೇಪು ಕಟ್ಟಿ ಸರಿ ಅಂತರಕ್ಕೆ ನಿಲ್ಲಿಸುತ್ತಾರೆ. ಬೇಗ ಕಟ್ಟಿದಷ್ಟು ಗುಣ.

ತಾಯಿಯನ್ನು ಮರೆಯಬೇಡಿ. ಅದಕ್ಕೆ ಎಂಟು ಹತ್ತು ಮೊಲೆ, ಮರಿ ಕುಡಿಯುವುದು ಇಷ್ಟವಾದ ಎರಡು ಮೂರನ್ನೇ. ಉಳಿದವು ಕಟ್ಟಿಕೊಂಡು ಬಾವು ಬರುತ್ತದೆ. ಪ್ರತಿ ಸಲವೂ ಮರಿಯನ್ನು ಬೇರೆ ಮೊಲೆಗೆ ಹಚ್ಚಿ, ಬೆಳಿಗ್ಗೆ ಸಂಜೆ ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿ. ಗಟ್ಟಿಯಾಗಿದ್ದರೆ ಐದು ನಿಮಿಷ ಬಿಸಿನೀರ ಬಟ್ಟೆ ಇಟ್ಟು ನೋವು ಇಳಿಯುವಷ್ಟೇ ಹಿಂಡಿ, ಪೂರ್ತಿ ಹಿಂಡಿದರೆ ಮತ್ತಷ್ಟು ಹಾಲಿಳಿಯುತ್ತದೆ. ಕೆಂಪು ಅಥವಾ ನೀಲಿಗಟ್ಟಿದ್ದರೆ, ಹಾಲಿನಲ್ಲಿ ಕೀವು ಕಂಡರೆ, ಜ್ವರ 103 ಡಿಗ್ರಿ ದಾಟಿದರೆ ಅದೇ ದಿನ ತೋರಿಸಿ. ಬಾಣಂತಿ ಎಂದು ಮೂರು ಹೊತ್ತೂ ಮುದ್ದೆ, ಬಾಡಿನ ಸಾರು ಸುರಿಯುವುದು ಬೇಡ. ಒಂದೇ ಮರಿಯ ತಾಯಿಗೆ ಎಂದಿನದಕ್ಕಿಂತ ಕಾಲು ಪಾಲು ಹೆಚ್ಚು ಸಾಕು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಂತೂ ನಾಯಿಗೆ ವಿಷವೇ.

ಕಣ್ಣು ತೆರೆದ ಮೇಲೆ, ಅಂದರೆ 10–14 ದಿನದ ನಂತರ, ನೂಕಾಟ ಶುರುಮಾಡುತ್ತೇನೆ. ದಿನಕ್ಕೆ ಎರಡು ಸಲ, ಕುಡಿಯುತ್ತಿರುವಾಗ ಬಟ್ಟೆಯ ಗೊಂಬೆಯಿಂದ ಪಕ್ಕಕ್ಕೆ ತಳ್ಳುವುದು, ಅಥವಾ ಒಂದು ಗೇಣು ದೂರವಿಟ್ಟು ತಾನೇ ಹುಡುಕಿ ಬರಲು ಬಿಡುವುದು. ತಡೆ ಕಂಡೇ ಇಲ್ಲದ ಮರಿ ಮುಂದೆ ಸಣ್ಣ ಅಡ್ಡಿಗೂ ಕೆರಳಿ ಹಲ್ಲು ಹಾಕುತ್ತದೆ. ತೂಕ ಏರದ ಅಥವಾ ಕಾಯಿಲೆಯ ಮರಿಗೆ ಇದು ಬೇಡ.

ಹಲ್ಲು ಮೂರನೇ ವಾರಕ್ಕೆ ಬರುತ್ತದೆ. ಜೋರಾಗಿ ಕಚ್ಚಿದ ಕೂಡಲೇ ಚಿಕ್ಕದಾಗಿ "ಆ" ಎಂದು ಕೈ ಸಡಿಲ ಬಿಟ್ಟು, ಮುಖ ತಿರುಗಿಸಿ ಹದಿನೈದು ಸೆಕೆಂಡು ಆಟ ನಿಲ್ಲಿಸಿ. ಕೈ ಸರ್ರನೆ ಎಳೆದುಕೊಂಡರೆ ಅದು ಬೆನ್ನಟ್ಟುವ ಆಟವಾಗುತ್ತದೆ, ಮೂತಿಗೆ ಹೊಡೆದರೆ ಕೈ ಕಂಡರೆ ಹೆದರುವ ನಾಯಿಯಾಗುತ್ತದೆ. ಜೋರಿನ ಕಡಿತ ನಿಂತ ಮೇಲಷ್ಟೇ ಮೆಲ್ಲನೆ ಕಚ್ಚಿದ್ದಕ್ಕೂ ಹೀಗೇ ಮಾಡಿ. ತಾಯಿ ಗುರ್ ಎಂದರೆ ನಡುವೆ ಹೋಗಬೇಡಿ, ಅದು ಕಲಿಸಿದಷ್ಟು ಚೆನ್ನಾಗಿ ನಮ್ಮಿಂದ ಆಗದು. ಅದೇ ವಯಸ್ಸಿನ ಮರಿಗಳ ಜೊತೆ ಬಿಡುವುದು ಎಲ್ಲಕ್ಕಿಂತ ಮೇಲು, ಆದರೆ ಎರಡೂ ತಾಯಂದಿರಿಗೆ ಲಸಿಕೆ ಆಗಿರಬೇಕು, ಯಾವ ಮರಿಗೂ ಭೇದಿ ಇರಬಾರದು. ಮರಿಗಳಿಗೆ ಜೀವ ತೆಗೆಯುವಂಥ ವಾಂತಿಭೇದಿ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಬೀದಿಯ ಮರಿಗಳ ಜೊತೆ ಆಡಲು ಬಿಡುವ ಧೈರ್ಯ ಮಾಡಬೇಡಿ.

ಜಂತಿನ ಔಷಧಿ 2, 4, 6, 8ನೇ ವಾರ, ಆ ದಿನದ ತೂಕಕ್ಕೆ ತಕ್ಕಂತೆ. ಲಸಿಕೆ 6–8 ವಾರಕ್ಕೆ ಶುರು, ರೇಬಿಸ್ ಮೂರು ತಿಂಗಳಿಗೆ.

ನಾಲ್ಕನೇ ವಾರ ಮೆತ್ತಗಿನ ಊಟ ಇಟ್ಟರೂ ಒಂಟಿ ಮರಿ ಮೂಸಿ ಬಿಡುತ್ತದೆ, ಹಾಲು ಬೇಕಾದಷ್ಟಿದೆಯಲ್ಲ. ಊಟಕ್ಕೆ ಎರಡು ಗಂಟೆ ಮೊದಲು ತಾಯಿಯನ್ನು ಬೇರೆ ಕಡೆ ಕಟ್ಟಿ. ರಾಗಿ ಗಂಜಿ ಒಂದೇ ಆದರೆ ಪ್ರೋಟೀನ್ ಸಾಲದು, ಬೇಯಿಸಿದ ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿ ಕಿವುಚಿ ಸೇರಿಸಿ. ನಮ್ಮ ಕಡೆ ಮರಿಯನ್ನು ತಿಂಗಳಿಗೇ ಒಯ್ಯುವ ರೂಢಿಯಿದೆ. ಒಂಟಿ ಮರಿಯನ್ನು ಹತ್ತು ವಾರಕ್ಕೆ ಮೊದಲು ನಾನು ಕೊಡುವುದಿಲ್ಲ. ಕೊಡುವಾಗ ತೂಕ ಬರೆದ ಹಾಳೆಯ ಜೊತೆ ಅದು ಆತು ಮಲಗಿದ ಪಂಚೆಯ ಸುರುಳಿಯನ್ನೂ ಒಗೆಯದೆ ಕಳಿಸುತ್ತೇನೆ.