ಒಂದು ದೃಶ್ಯ, ಎರಡು ಪಕ್ಷ: ಹಳೆಯ ಹಾಲಿವುಡ್ ಬಗ್ಗೆ ನಾವು ವಾದಿಸುವ ಬಗೆ

ಹಳೆಯ ಹಾಲಿವುಡ್ ಚಿತ್ರಗಳ ಅಭಿಮಾನಿಗಳು ನಾಲ್ವರು ಒಟ್ಟಿಗೆ ಕುಳಿತರೆ ಕಾಫಿ ಆರುವ ಮೊದಲೇ ‘ಎಲ್ಲಕ್ಕಿಂತ ಶ್ರೇಷ್ಠ ಯಾವುದು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿ ತಿಂಗಳಿಗೊಮ್ಮೆ ಸೇರುವ ಕೂಟದಲ್ಲಿ ಈ ಪ್ರಶ್ನೆಗೆ ನಾನು ನಿಷೇಧ ಹೇರಿದ್ದೇನೆ. ಅದರಿಂದ ಜಗಳ ಹುಟ್ಟುತ್ತದೆ ಎಂಬ ಭಯವೇನೂ ನನಗಿಲ್ಲ, ಜಗಳ ಬೇಕೆಂದೇ ಸೇರುವವರು ನಾವು. ಆದರೆ ಆ ಪ್ರಶ್ನೆ ಎದ್ದರೆ ಎಲ್ಲರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕೂರುತ್ತಾರೆ, ಪರದೆಯ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ.

ಪಟ್ಟಿಗಳನ್ನು ನಂಬುವವರಿಗೆ ನಾನು ಪಟ್ಟಿಯ ಕಥೆಯನ್ನೇ ಹೇಳುತ್ತೇನೆ. ಬ್ರಿಟನ್ನಿನ ಸಿನಿಮಾ ಪತ್ರಿಕೆ ‘ಸೈಟ್ ಅಂಡ್ ಸೌಂಡ್’ ಎಲ್ಲಕ್ಕಿಂತ ಶ್ರೇಷ್ಠ ಚಿತ್ರಗಳು ಯಾವುವೆಂದು 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತದೆ. ಮೊದಲ ಸಲದ ಹತ್ತು ಚಿತ್ರಗಳಲ್ಲಿ ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ ಇರಲೇ ಇಲ್ಲ. 1962ರಿಂದ 2002ರವರೆಗೆ ಐದು ಸಲವೂ ಅದೇ ಮೊದಲ ಸ್ಥಾನದಲ್ಲಿತ್ತು. 2012ರಲ್ಲಿ ಹಿಚ್‌ಕಾಕ್‌ನ ‘ವರ್ಟಿಗೊ’ ಅದನ್ನು ಕೆಳಗಿಳಿಸಿತು. 2022ರಲ್ಲಿ ಆ ಜಾಗ ಹಾಲಿವುಡ್ಡಿನ ಕೈಯನ್ನೇ ಬಿಟ್ಟು ಬೆಲ್ಜಿಯಂನ ನಿರ್ದೇಶಕಿ ಶಾಂತಾಲ್ ಅಕರ್ಮನ್ ಅವರ ಚಿತ್ರಕ್ಕೆ ಹೋಯಿತು. ಇದರಲ್ಲಿ ನನಗೆ ಬಲು ಇಷ್ಟವಾದ ವಿವರ ಇನ್ನೊಂದಿದೆ. ‘ವರ್ಟಿಗೊ’ ಮೊದಲ ಬಾರಿಗೆ ಹತ್ತರೊಳಗೆ ಬಂದದ್ದು 1982ರಲ್ಲಿ, ಆದರೆ ಆಗ ಆ ಚಿತ್ರ ಪ್ರದರ್ಶನದಲ್ಲೇ ಇರಲಿಲ್ಲ. ಹಿಚ್‌ಕಾಕ್ ತನ್ನ ಹಕ್ಕಿನಲ್ಲಿದ್ದ ಐದು ಚಿತ್ರಗಳನ್ನು ಹಲವು ವರ್ಷ ಹೊರಗೆ ಬಿಟ್ಟಿರಲಿಲ್ಲ, ‘ವರ್ಟಿಗೊ’ ಅವುಗಳಲ್ಲೊಂದು. ಮತ ಹಾಕಿದವರಲ್ಲಿ ಬಹಳ ಮಂದಿ ನೆನಪಿನ ಬಲದ ಮೇಲೆಯೇ ಹಾಕಿರಬೇಕು ಎಂಬುದು ನನ್ನ ಊಹೆ.

ಹೀಗಾಗಿ ನಮ್ಮಲ್ಲಿ ಪ್ರಶ್ನೆ ಚಿಕ್ಕದಾಗಿರಬೇಕು. ಎಷ್ಟು ಚಿಕ್ಕದೆಂದರೆ, ಚಿತ್ರದ ಒಂದು ದೃಶ್ಯವನ್ನು ಮತ್ತೆ ಹಾಕಿ ನೋಡಿದರೆ ಅದಕ್ಕೆ ಅರ್ಧ ಉತ್ತರವಾದರೂ ಸಿಗುವಂತಿರಬೇಕು. ಎರಡು ಪಕ್ಷಗಳಿಗೆ ಚೀಟಿ ಎತ್ತುತ್ತೇವೆ. ನಿಮ್ಮ ಮನಸ್ಸು ಯಾವ ಕಡೆಗಿದ್ದರೂ ಚೀಟಿಯಲ್ಲಿ ಬಂದ ಪಕ್ಷವನ್ನು ಮೊದಲ ಅರ್ಧ ಗಂಟೆ ಸಮರ್ಥಿಸಲೇಬೇಕು. ಆಮೇಲೆ ಪಕ್ಷ ಬದಲಿಸಬಹುದು, ಆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತನಾಡುವುದಕ್ಕೆ ಅವಕಾಶವಿಲ್ಲ. ಆಸ್ಕರ್‌ಗಳ ಲೆಕ್ಕ ಹೇಳುವಂತಿಲ್ಲ, ಗಳಿಕೆಯ ಲೆಕ್ಕವನ್ನೂ ಹೇಳುವಂತಿಲ್ಲ. ಆಯ್ದ ದೃಶ್ಯವನ್ನು ಎರಡು ಸಲ ಹಾಕುತ್ತೇವೆ, ಒಂದು ಸಲ ಶಬ್ದದೊಂದಿಗೆ, ಇನ್ನೊಂದು ಸಲ ಶಬ್ದ ನಿಲ್ಲಿಸಿ. ನಾನು ಶಾಲೆಯಲ್ಲಿ ಗಣಿತ ಕಲಿಸುವವಳು, ಹಂತಗಳನ್ನು ಬರೆಯದೆ ಉತ್ತರ ಮಾತ್ರ ಬರೆದವರಿಗೆ ಅಂಕ ಕೊಡುವ ಅಭ್ಯಾಸ ನನಗಿಲ್ಲ.

ಈ ಕ್ರಮ ಚೆನ್ನಾಗಿ ಹೊಂದಿಕೊಂಡದ್ದು ‘ಹೈ ನೂನ್’ ಮತ್ತು ‘ರಿಯೊ ಬ್ರಾವೊ’ ಎಂಬ ಕೌಬಾಯ್ ಚಿತ್ರಗಳನ್ನು ಒಂದರ ಮುಂದೊಂದು ಇಟ್ಟಾಗ. ಇವೆರಡೂ ತಾವಾಗಿಯೇ ಜಗಳಕ್ಕೆ ನಿಂತ ಚಿತ್ರಗಳು. 1952ರ ‘ಹೈ ನೂನ್’ನಲ್ಲಿ ಮಾರ್ಷಲ್, ಅಂದರೆ ಊರಿನ ಕಾನೂನು ಕಾಯುವ ಅಧಿಕಾರಿ, ಆಗಿರುವ ಗ್ಯಾರಿ ಕೂಪರ್‌ಗೆ ಅಂದೇ ಮದುವೆಯಾಗಿದೆ, ಕೆಲಸಕ್ಕೆ ರಾಜೀನಾಮೆಯನ್ನೂ ಕೊಟ್ಟಾಗಿದೆ. ಆತ ಜೈಲಿಗೆ ಕಳಿಸಿದ್ದ ಕೊಲೆಗಡುಕ ಮಧ್ಯಾಹ್ನದ ರೈಲಿಗೆ ಬರುತ್ತಿದ್ದಾನೆ, ಅವನ ಮೂವರು ಸಂಗಡಿಗರು ನಿಲ್ದಾಣದಲ್ಲಿ ಕಾಯುತ್ತಿದ್ದಾರೆ. ಮಾರ್ಷಲ್ ಊರಿಡೀ ತಿರುಗಿ ಸಹಾಯ ಕೇಳುತ್ತಾನೆ, ಒಬ್ಬೊಬ್ಬರೂ ಒಂದೊಂದು ಕಾರಣ ಹೇಳಿ ಜಾರಿಕೊಳ್ಳುತ್ತಾರೆ. ಚಿತ್ರದ ಅವಧಿ ಸುಮಾರು 85 ನಿಮಿಷ, ಕಥೆಯ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಗೋಡೆಯ ಗಡಿಯಾರಗಳು ಪದೇ ಪದೇ ಬಂದು ನಮ್ಮನ್ನು ಕಾಡುತ್ತವೆ.

ನಿರ್ದೇಶಕ ಹೋವರ್ಡ್ ಹಾಕ್ಸ್‌ಗೆ ಈ ಮಾರ್ಷಲ್ ಹಿಡಿಸಲಿಲ್ಲ. ತನ್ನ ಕೆಲಸ ಬಲ್ಲ ಷೆರಿಫ್ ಊರವರ ಮುಂದೆ ಹೀಗೆ ಅಂಗಲಾಚಿಕೊಂಡು ಅಲೆಯುತ್ತಾನೆಯೇ ಎಂಬುದು ಅವನ ತಕರಾರು. ಅದಕ್ಕೆ ಉತ್ತರವಾಗಿ 1959ರಲ್ಲಿ ಜಾನ್ ವೇಯ್ನ್‌ನನ್ನು ಹಾಕಿಕೊಂಡು ‘ರಿಯೊ ಬ್ರಾವೊ’ ತೆಗೆದ. ಇದರ ಷೆರಿಫ್ ತಾನಾಗಿ ಬಂದ ಸಹಾಯವನ್ನೂ ಬೇಡವೆನ್ನುತ್ತಾನೆ. ಎರಡೂ ಚಿತ್ರಗಳಿಗೆ ಸಂಗೀತ ಕೊಟ್ಟವನು ಮಾತ್ರ ಒಬ್ಬನೇ, ದಿಮಿತ್ರಿ ತ್ಯೋಮ್ಕಿನ್.

ಆ ಸಲ ನಾನು ಇಟ್ಟ ಪ್ರಶ್ನೆ: ಹಾಕ್ಸ್‌ನ ಉತ್ತರ ‘ಹೈ ನೂನ್’ಗೆ ನಿಜಕ್ಕೂ ತಾಗುತ್ತದೆಯೇ?

ಇಂಗ್ಲಿಷ್ ಅಧ್ಯಾಪಕರಾಗಿ ನಿವೃತ್ತರಾದ ನಮ್ಮ ಮೇಷ್ಟ್ರು ವೇಯ್ನ್‌ನ ಪರಮ ಭಕ್ತರು. ಚೀಟಿಯಲ್ಲಿ ಅವರಿಗೆ ಅವರ ಪಕ್ಷವೇ ಬಂತು. ಅವರು ಎತ್ತಿಕೊಂಡದ್ದು ‘ರಿಯೊ ಬ್ರಾವೊ’ದ ಆರಂಭವನ್ನು. ಸುಮಾರು ನಾಲ್ಕು ನಿಮಿಷ ಯಾರೂ ಒಂದು ಮಾತೂ ಆಡುವುದಿಲ್ಲ. ಕುಡಿತಕ್ಕೆ ಬಿದ್ದು ಮಾನ ಕಳೆದುಕೊಂಡ ಡೀನ್ ಮಾರ್ಟಿನ್ ಮದ್ಯದಂಗಡಿಯ ಹಿಂಬಾಗಿಲಿನಿಂದ ಒಳಗೆ ಬರುತ್ತಾನೆ. ಒಬ್ಬ ಪುಂಡ ನಾಣ್ಯವೊಂದನ್ನು ಪೀಕದಾನಿಗೆ ಎಸೆಯುತ್ತಾನೆ. ಮಾರ್ಟಿನ್ ಬಗ್ಗಿ ಅದಕ್ಕೆ ಕೈ ಹಾಕುವ ಹೊತ್ತಿಗೆ ಒಂದು ಬೂಟುಗಾಲು ಪೀಕದಾನಿಯನ್ನು ಒದೆಯುತ್ತದೆ. ಕ್ಯಾಮೆರಾ ಕೆಳಗಿನಿಂದ ಮೇಲೆ ನೋಡಿದರೆ ಅಲ್ಲಿ ವೇಯ್ನ್ ನಿಂತಿದ್ದಾನೆ. “ಸ್ನೇಹ, ಅವಮಾನ, ಸಿಟ್ಟು ಮೂರನ್ನೂ ಒಂದು ಪೀಕದಾನಿಯಲ್ಲಿ ಹೇಳಿದ್ದಾನೆ. ಗಡಿಯಾರ ತೋರಿಸಿ ತೋರಿಸಿ ಹೆದರಿಸುವ ಕರ್ಮ ಇವನಿಗಿಲ್ಲ” ಎಂದರು ಮೇಷ್ಟ್ರು. ಶಬ್ದ ನಿಲ್ಲಿಸಿ ನೋಡಿದಾಗಲೂ ದೃಶ್ಯ ಕಿಂಚಿತ್ತೂ ಸೊರಗಲಿಲ್ಲ. ಆ ಸುತ್ತು ಅವರದೇ ಆಯಿತು.

ಎದುರು ಪಕ್ಷದಲ್ಲಿ ಕಾನೂನು ಓದುವ ಹುಡುಗಿಯೊಬ್ಬಳಿದ್ದಳು. ಆಕೆ ‘ಹೈ ನೂನ್’ನ ಹೆಸರಾಂತ ಶಾಟ್ ಕೇಳುತ್ತಾಳೆ ಎಂದುಕೊಂಡಿದ್ದೆ. ಕ್ಯಾಮೆರಾ ಕ್ರೇನಿನ ಮೇಲೆ ಏರುತ್ತಾ ಹೋಗಿ, ಖಾಲಿ ಬೀದಿಯಲ್ಲಿ ಕೂಪರ್ ಕುಗ್ಗುತ್ತಾ ಹೋಗುವ ಶಾಟ್ ಅದು. ಆದರೆ ಅವಳು ಕೇಳಿದ್ದು ಬೇರೆಯವೇ ಎರಡು ಪುಟ್ಟ ದೃಶ್ಯಗಳನ್ನು. ಒಂದರಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಕುಡುಕ ಬಂದು ನಾನೂ ಜೊತೆಗೆ ನಿಲ್ಲುತ್ತೇನೆ ಎನ್ನುತ್ತಾನೆ, ಮಾರ್ಷಲ್ ಅವನ ಕೈಗೆ ಕುಡಿಯಲು ಕಾಸು ಕೊಟ್ಟು ಕಳಿಸುತ್ತಾನೆ. ಇನ್ನೊಂದರಲ್ಲಿ ಹದಿನಾಲ್ಕರ ಹುಡುಗನೊಬ್ಬ ತನಗೆ ಹದಿನಾರು ಎಂದು ಸುಳ್ಳು ಹೇಳಿ ಬಂದೂಕು ಹಿಡಿಯಲು ಸಿದ್ಧನಾಗುತ್ತಾನೆ, ಅವನನ್ನೂ ಮನೆಗೆ ಅಟ್ಟುತ್ತಾನೆ.

“ಸರ್, ಕೂಪರ್‌ಗೆ ಸಹಾಯ ಸಿಗಲಿಲ್ಲ ಎನ್ನುವುದೇ ತಪ್ಪು. ಒಬ್ಬ ಕುಡುಕ, ಒಬ್ಬ ಹುಡುಗ ಬಂದಿದ್ದರು. ಈಗ ನಿಮ್ಮ ವೇಯ್ನ್‌ನ ಪಡೆಯನ್ನು ಎಣಿಸಿ” ಎಂದಳು.

ಮೇಷ್ಟ್ರು ಸುಮ್ಮನಾದರು. ವೇಯ್ನ್‌ನ ಜೊತೆಗೆ ಇರುವವರು ಕುಡುಕ ಮಾರ್ಟಿನ್, ಮೀಸೆ ಬಲಿಯದ ರಿಕಿ ನೆಲ್ಸನ್, ಕಾಲು ಕುಂಟುವ ಮುದುಕ ವಾಲ್ಟರ್ ಬ್ರೆನನ್. ಕೂಪರ್ ವಾಪಸು ಕಳಿಸಿದಂಥವರನ್ನೇ ವೇಯ್ನ್ ಜೊತೆಗೆ ಕಟ್ಟಿಕೊಂಡಿದ್ದಾನೆ! ಅಷ್ಟೇ ಅಲ್ಲ, ಯಾರ ಹಂಗೂ ಬೇಡ ಎನ್ನುವ ಈ ಷೆರಿಫ್‌ನನ್ನು ಇಕ್ಕಟ್ಟಿನಲ್ಲೆಲ್ಲ ಯಾರಾದರೊಬ್ಬರು ಬಂದು ಉಳಿಸುತ್ತಾರೆ. ಒಂದು ಸಲವಂತೂ ಆಂಜಿ ಡಿಕಿನ್ಸನ್ ಕಿಟಕಿಯಿಂದ ಹೂಕುಂಡ ಎಸೆದು ದಾರಿ ಮಾಡಿಕೊಡುತ್ತಾಳೆ. ಹಾಕ್ಸ್ ‘ಹೈ ನೂನ್’ಗೆ ಎದುರುತ್ತರ ಕೊಟ್ಟನೋ, ಅದರ ಕಥೆಯನ್ನೇ ಇನ್ನಷ್ಟು ಕರುಣೆಯಿಂದ ಮತ್ತೆ ಹೇಳಿದನೋ? ವಾದ ಅಲ್ಲಿಂದ ಮುಂದೆ ಹಿಡಿದ ದಾರಿ ನಾನು ಪುಸ್ತಕದಲ್ಲಿ ಓದಿ ತಯಾರಾಗಿದ್ದ ದಾರಿಯಾಗಿರಲಿಲ್ಲ. ಇಂಥದ್ದಕ್ಕಾಗಿಯೇ ನಾನು ಪ್ರೊಜೆಕ್ಟರ್ ಒರೆಸಿ ಇಡುವುದು.

ಹಿನ್ನೆಲೆಯ ಸಂಗತಿಗಳನ್ನು ನಾನು ದೃಶ್ಯ ಮುಗಿದ ಮೇಲೆಯೇ ಹೇಳುತ್ತೇನೆ. ಮೊದಲೇ ಹೇಳಿದರೆ ಜನ ಚಿತ್ರ ನೋಡುವುದನ್ನು ಬಿಟ್ಟು ಅದಕ್ಕೆ ಪುರಾವೆ ಹುಡುಕತೊಡಗುತ್ತಾರೆ. ‘ಹೈ ನೂನ್’ ಬರೆದ ಕಾರ್ಲ್ ಫೋರ್‌ಮನ್ ಒಂದು ಕಾಲದಲ್ಲಿ ಕಮ್ಯುನಿಸ್ಟ್ ಪಕ್ಷದ ಸದಸ್ಯನಾಗಿದ್ದವನು. 1951ರಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗಲೇ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕ ಸಂಸತ್ತಿನ ವಿಚಾರಣಾ ಸಮಿತಿ ಅವನನ್ನು ಕರೆಸಿತು. ಅವನು ಯಾರ ಹೆಸರನ್ನೂ ಹೇಳಲಿಲ್ಲ. ಇಂಥವರಿಗೆ ಕೆಲಸ ಕೊಡಬಾರದೆಂಬ ಹಾಲಿವುಡ್‌ನ ಕಪ್ಪುಪಟ್ಟಿಗೆ ಸೇರಿ ಇಂಗ್ಲೆಂಡಿಗೆ ಹೋದ. ಕಷ್ಟಕಾಲದಲ್ಲಿ ಬಾಗಿಲು ಹಾಕಿಕೊಳ್ಳುವ ಗೆಳೆಯರ ಕಥೆ ಅವನಿಗೆ ಎಲ್ಲಿಂದ ಸಿಕ್ಕಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಕಪ್ಪುಪಟ್ಟಿಯ ಬೆಂಬಲಿಗರಲ್ಲಿ ಜಾನ್ ವೇಯ್ನ್ ಮುಂಚೂಣಿಯವನು, 1971ರ ಸಂದರ್ಶನವೊಂದರಲ್ಲೂ ‘ಹೈ ನೂನ್’ ಅಮೆರಿಕಕ್ಕೆ ತಕ್ಕ ಚಿತ್ರವಲ್ಲವೆಂದು ಜರೆದವನು. ಆದರೆ ಆ ಚಿತ್ರಕ್ಕೆ ಕೂಪರ್‌ಗೆ ಆಸ್ಕರ್ ಬಂದಾಗ, ಅವನ ಪರವಾಗಿ 1953ರಲ್ಲಿ ವೇದಿಕೆ ಹತ್ತಿ ಅದನ್ನು ಪಡೆದವನೂ ಇದೇ ವೇಯ್ನ್. (ಆಸ್ಕರ್ ಪ್ರಸ್ತಾಪಿಸುವಂತಿಲ್ಲ ಎಂಬ ನಿಯಮಕ್ಕೆ ಈ ಒಂದು ವಿನಾಯಿತಿಯನ್ನು ನಾನೇ ಮಾಡಿಕೊಂಡಿದ್ದೇನೆ.)

ಇನ್ನೊಂದು ವಿಷಯ ಕೇಳಿದಾಗ ನಮ್ಮಲ್ಲಿನ ಹಿರಿಯರ ಮುಖ ಅರಳಿತು. ನಮ್ಮಲ್ಲಿ ಒಂದು ತಲೆಮಾರಿಗೆ ಕೌಬಾಯ್ ಚಿತ್ರ ಎಂದರೆ ‘ಮೆಕೆನ್ನಾಸ್ ಗೋಲ್ಡ್’. 1969ರ ಈ ಚಿತ್ರ ಅಮೆರಿಕದಲ್ಲಿ ಸೋತು ಭಾರತದಲ್ಲಿ ಭರ್ಜರಿಯಾಗಿ ಓಡಿತು. ಅದನ್ನು ಬರೆದವನು ಇದೇ ಫೋರ್‌ಮನ್. ಅವನ ಜೊತೆಗೆ ನಿರ್ಮಾಪಕನಾಗಿದ್ದವನು ಇದೇ ತ್ಯೋಮ್ಕಿನ್. ಬ್ಯಾಂಕಿನಿಂದ ನಿವೃತ್ತರಾದ ರಾಯರು ಚಿಕ್ಕಂದಿನಲ್ಲಿ ಆ ಚಿತ್ರವನ್ನು ಮತ್ತೆ ಮತ್ತೆ ನೋಡಿದವರು. “ಅಂದರೆ ನಾನು ಆಗಿನಿಂದಲೂ ಫೋರ್‌ಮನ್ ಪಕ್ಷವೇ!” ಎಂದು ಕುರ್ಚಿಯನ್ನು ಆ ಕಡೆಗೆ ಎಳೆದುಕೊಂಡರು.

‘ಸಿಟಿಜನ್ ಕೇನ್’ ಬಗ್ಗೆ ವಾದ ನಡೆಸುವುದು ಕಷ್ಟ. ಅದನ್ನು ಕುರಿತ ಜಗಳಗಳೆಲ್ಲ ಆಗಲೇ ಮುದ್ರಣಗೊಂಡಿವೆ. ಚಿತ್ರಕಥೆಯ ಶ್ರೇಯಸ್ಸು ಲೇಖಕ ಹರ್ಮನ್ ಮ್ಯಾಂಕೀವಿಕ್ಸ್‌ನದೋ, ಚಿತ್ರವನ್ನು ನಿರ್ದೇಶಿಸಿ ಕೇನ್ ಆಗಿ ನಟಿಸಿದ 25ರ ಹರೆಯದ ಆರ್ಸನ್ ವೆಲ್ಸ್‌ನದೋ ಎಂದು 1971ರಲ್ಲಿ ಅಮೆರಿಕದ ವಿಮರ್ಶಕಿ ಪಾಲಿನ್ ಕೇಲ್ ಎತ್ತಿದ ವಿವಾದ ಪ್ರಸಿದ್ಧ. ಕೇಲ್ ಪೂರಾ ಮ್ಯಾಂಕೀವಿಕ್ಸ್ ಕಡೆಗೆ ನಿಂತರು. ಆಮೇಲೆ ಸಂಶೋಧಕ ರಾಬರ್ಟ್ ಕ್ಯಾರಿಂಜರ್ ಚಿತ್ರಕಥೆಯ ಕರಡುಗಳನ್ನು ಒಂದೊಂದಾಗಿ ಹೋಲಿಸಿ ನೋಡಿ ವೆಲ್ಸ್‌ನ ಪಾಲೂ ದೊಡ್ಡದೆಂದು ತೋರಿಸಿದರು. ಕರಡುಗಳು ನಮ್ಮ ಮಹಡಿಯಲ್ಲಿ ಇಲ್ಲವಾದ್ದರಿಂದ ಆ ವಾದ ನಮಗೆ ಬೇಡ.

ನಾನು ಆರಿಸಿಕೊಂಡದ್ದು ಕೇನ್‌ನ ಹೆಂಡತಿ ಸೂಸನ್ ವಿಷ ಕುಡಿಯುವ ದೃಶ್ಯ. ತೀರಾ ಮುಂದೆ ದೊಡ್ಡದಾಗಿ ಒಂದು ಗಾಜಿನ ಲೋಟ, ಅದರಲ್ಲಿ ಚಮಚ. ಅದರ ಹಿಂದೆ ಕತ್ತಲಲ್ಲಿ ಹಾಸಿಗೆ, ಏದುಸಿರು. ದೂರದಲ್ಲಿ ಬಾಗಿಲು. ಯಾರೋ ಬಡಿಯುತ್ತಾರೆ, ಬಾಗಿಲು ಒಡೆದುಕೊಂಡು ಕೇನ್ ಒಳಗೆ ನುಗ್ಗುತ್ತಾನೆ. ಕಟ್ ಇಲ್ಲ. ಲೋಟವೂ ಸ್ಪಷ್ಟ, ಬಾಗಿಲೂ ಸ್ಪಷ್ಟ. ಹತ್ತಿರದ್ದನ್ನೂ ದೂರದ್ದನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸಿ, ಯಾವುದನ್ನು ನೋಡಬೇಕೆಂಬುದನ್ನು ನೋಡುಗನಿಗೇ ಬಿಟ್ಟ ಇಂಥ ದೃಶ್ಯಗಳನ್ನು ಫ್ರೆಂಚ್ ವಿಮರ್ಶಕ ಆಂದ್ರೆ ಬಾಜಾನ್ ಬಹಳವಾಗಿ ಮೆಚ್ಚಿಕೊಂಡಿದ್ದ, ಇದನ್ನೂ ಉದಾಹರಿಸಿದ್ದ. ಆದರೆ ಛಾಯಾಗ್ರಾಹಕ ಗ್ರೆಗ್ ಟೋಲಂಡ್‌ನ ಲೆನ್ಸ್ ಎಷ್ಟೇ ಆಳಕ್ಕೆ ನೋಡಬಲ್ಲದಾದರೂ ಇಲ್ಲಿ ಆಗಿರುವುದು ಅದಲ್ಲ. ಹಿಂಭಾಗವನ್ನು ಕತ್ತಲಲ್ಲಿಟ್ಟು ಲೋಟವನ್ನು ಒಮ್ಮೆ ಚಿತ್ರಿಸಿಕೊಂಡು, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಲೋಟದ ಜಾಗವನ್ನು ಕತ್ತಲಾಗಿಸಿ ಕೋಣೆಯನ್ನು ಅದೇ ಫಿಲ್ಮಿನ ಮೇಲೆ ಮತ್ತೆ ಚಿತ್ರಿಸಿಕೊಂಡಿದ್ದಾರೆ. ಒಂದೇ ಚೌಕಟ್ಟಿನಂತೆ ಕಾಣುವುದು ಎರಡು ಚಿತ್ರಣಗಳ ಕೂಡಿಕೆ.

ಇದು ಗೊತ್ತಾದ ಮೇಲೆ ದೃಶ್ಯದ ಬೆಲೆ ಇಳಿಯುತ್ತದೆಯೇ? ಮದುವೆಗಳ ವೀಡಿಯೊ ಸಂಕಲನ ಮಾಡುವ ಹುಡುಗನೊಬ್ಬ ನಮ್ಮಲ್ಲಿದ್ದಾನೆ. “ಮೇಡಂ, ಕೈಚಳಕ ಕಾಣಲಿಲ್ಲ ಎಂದರೆ ಅದೇ ಮೆಚ್ಚುಗೆ” ಎಂದು ಅವನು ಕೈತೊಳೆದುಕೊಂಡ. ರಾಯರು ಬಿಡಲಿಲ್ಲ. ನೋಡುಗನ ಸ್ವಾತಂತ್ರ್ಯದ ಬಗ್ಗೆ ಅಷ್ಟು ದೊಡ್ಡ ಸಿದ್ಧಾಂತ ಕಟ್ಟಿದ ಮೇಲೆ ಅಡಿಪಾಯ ಪರೀಕ್ಷಿಸುವುದು ಬೇಡವೇ ಎಂದು ಕೇಳಿದರು. ನನ್ನ ಮತ ಹುಡುಗನ ಕಡೆಗಿದೆ. ಬಾಜಾನ್ ಕಂಡದ್ದು ಪರದೆಯ ಮೇಲೆ ಇದ್ದದ್ದನ್ನೇ, ಅದು ಅಲ್ಲಿಗೆ ಹೇಗೆ ಬಂತು ಎಂಬುದು ಬೇರೆ ಲೆಕ್ಕ.

‘ವರ್ಟಿಗೊ’ದಲ್ಲಿ ನಾವು ತೆಗೆದುಕೊಂಡದ್ದು, ನಾಯಕ ಸತ್ತಳೆಂದು ನಂಬಿರುವ ಹೆಣ್ಣು ತಾನೇ ಎಂದು ಜೂಡಿ ಪತ್ರ ಬರೆಯುವ ದೃಶ್ಯವನ್ನು. ಮೂಲ ಫ್ರೆಂಚ್ ಕಾದಂಬರಿ ಕೊನೆಯವರೆಗೆ ಮುಚ್ಚಿಟ್ಟ ಗುಟ್ಟನ್ನು ಹಿಚ್‌ಕಾಕ್ ಚಿತ್ರ ಮುಗಿಯಲು ಇನ್ನೂ ಬಹಳ ಹೊತ್ತಿರುವಾಗಲೇ ಬಿಟ್ಟುಕೊಡುತ್ತಾನೆ. ಇದು ಸರಿಯೇ? ಚರ್ಚೆ ಬೇಗ ಮುಗಿಯಿತು. ದೃಶ್ಯ ತೆಗೆದುಹಾಕಿದ್ದರೆ ಮುಂದಿನ ಭಾಗವನ್ನೆಲ್ಲ ನಾಯಕನ ಕಣ್ಣಿನಿಂದ ಮಾತ್ರ ನೋಡಬೇಕಾಗಿತ್ತು, ಜೂಡಿ ನಮಗೆ ಬೊಂಬೆಯಾಗಿಯೇ ಉಳಿಯುತ್ತಿದ್ದಳು ಎಂಬುದನ್ನು ಎಲ್ಲರೂ ಒಪ್ಪಿಬಿಟ್ಟರು. ಎಲ್ಲರೂ ಒಪ್ಪುವ ಪ್ರಶ್ನೆಯನ್ನು ಕೂಟಕ್ಕೆ ತರಬಾರದು, ಸಂಜೆ ಹಾಳು.

ನಿಷೇಧಿತ ಮಾತುಗಳ ಸಾಲಿಗೆ ತಡವಾಗಿ ಸೇರಿದ್ದು ‘ಆ ಕಾಲವೇ ಹಾಗಿತ್ತು’. 1939ರ ‘ಗಾನ್ ವಿತ್ ದ ವಿಂಡ್’ ಬಂದಾಗಲೆಲ್ಲ ಈ ಮಾತು ಗುರಾಣಿಯಾಗುತ್ತದೆ. ಗುಲಾಮಗಿರಿಯನ್ನು ಸಕ್ಕರೆ ಲೇಪಿಸಿ ತೋರಿಸುತ್ತದೆ ಎಂಬ ಆಕ್ಷೇಪ ಇಂದಿನವರ ಸೂಕ್ಷ್ಮತೆಯಿಂದ ಹುಟ್ಟಿದ್ದಲ್ಲ, ಅಮೆರಿಕದ ಕಪ್ಪುಜನರ ಪತ್ರಿಕೆಗಳು ಆಗಲೇ ಅದನ್ನು ಎತ್ತಿದ್ದವು. ಅದರಲ್ಲಿ ಮನೆಯ ದಾದಿಯಾಗಿ ನಟಿಸಿದ ಹ್ಯಾಟಿ ಮೆಕ್‌ಡ್ಯಾನಿಯಲ್ ಅಟ್ಲಾಂಟಾದ ಮೊದಲ ಪ್ರದರ್ಶನಕ್ಕೆ ಹೋಗುವಂತಿರಲಿಲ್ಲ. ಆಸ್ಕರ್ ಗೆದ್ದ ಮೊದಲ ಕಪ್ಪುವರ್ಣೀಯ ಕಲಾವಿದೆಯಾದ ಆಕೆ ಪ್ರಶಸ್ತಿಯ ರಾತ್ರಿಯಲ್ಲೂ ಸಹನಟರಿಂದ ದೂರದ ಬೇರೆ ಮೇಜಿನಲ್ಲಿ ಕುಳಿತಿದ್ದರು. ಆ ಕಾಲದಲ್ಲೇ ಎರಡು ಮತಗಳಿದ್ದಾಗ, ಕಾಲ ಯಾರ ಪರ ಸಾಕ್ಷಿ ಹೇಳಬೇಕು? ಆದರೂ ಚಿತ್ರವನ್ನು ನಮ್ಮ ಪಟ್ಟಿಯಿಂದ ತೆಗೆದಿಲ್ಲ. ಮೆಕ್‌ಡ್ಯಾನಿಯಲ್ ಮಹಡಿಯ ಮೆಟ್ಟಿಲು ಹತ್ತುತ್ತಾ ಮಗು ಸತ್ತ ಮನೆಯ ಸುದ್ದಿ ಹೇಳುವ ದೀರ್ಘ ಶಾಟ್ ಹಾಕಿದರೆ, ವಿರೋಧಿಸುವವರೂ ಮಾತು ನಿಲ್ಲಿಸಿ ನೋಡುತ್ತಾರೆ.

ಹೊಸದಾಗಿ ಕೂಟ ಕಟ್ಟುವವರಿಗೆ ಎರಡು ಮಾತು. ಕಪ್ಪುಬಿಳುಪಿನ ಚಿತ್ರಗಳಿಗೆ ಆಮೇಲೆ ಬಣ್ಣ ಬಳಿದ ಪ್ರತಿಗಳಿವೆ, ‘ಕಾಸಾಬ್ಲಾಂಕಾ’ಗೂ ಬಳಿದಿದ್ದಾರೆ. ಅವನ್ನು ತರಬೇಡಿ, ನೆರಳಿನ ಬಗ್ಗೆ ಮಾತನಾಡುವುದಕ್ಕೇ ಏನೂ ಉಳಿಯುವುದಿಲ್ಲ. ಹಾಗೆಯೇ, ಟಿವಿಗೆಂದು ಅಂಚು ಕತ್ತರಿಸಿದ ಪ್ರತಿಯಲ್ಲಿ ಚೌಕಟ್ಟಿನ ಬಗ್ಗೆ ವಾದ ಮಾಡಬೇಡಿ.

ಮುಂದಿನ ತಿಂಗಳು ಜಾನ್ ಫೋರ್ಡ್‌ನ ‘ದ ಸರ್ಚರ್ಸ್’, 1956ರದ್ದು. ವೇಯ್ನ್‌ನ ಪಾತ್ರದ ಜನಾಂಗದ್ವೇಷವನ್ನು ಚಿತ್ರ ಖಂಡಿಸುತ್ತದೆಯೇ, ಅದಕ್ಕೆ ಮರುಳಾಗುತ್ತದೆಯೇ ಎಂಬುದು ಪ್ರಶ್ನೆ. ಚೀಟಿ ಎತ್ತಿಯಾಗಿದೆ. ಮೇಷ್ಟ್ರಿಗೆ ಬಂದಿರುವುದು ಚಿತ್ರ ಮರುಳಾಗಿದೆ ಎನ್ನುವ ಪಕ್ಷ. ಚೀಟಿ ಇನ್ನೊಮ್ಮೆ ಎತ್ತಬಹುದೇ ಎಂದು ಎರಡು ಸಲ ಫೋನ್ ಮಾಡಿ ಕೇಳಿದ್ದಾರೆ. ಆಗುವುದಿಲ್ಲ ಎಂದಿದ್ದೇನೆ.