ತಿರುಗದ ಪೋಲರೈಸರ್: 500 ಎಂಎಂ ಲೆನ್ಸಿನಲ್ಲಿ ನನ್ನ ಅನುಭವ

"ತಿರುಗದ ಪೋಲರೈಸರ್ ಇಟ್ಕೊಂಡು ಏನ್ ಮಾಡ್ತೀರಾ ಸಾರ್, ಸುಮ್ನೆ ದುಡ್ಡು ದಂಡ." ಭಾನುವಾರ ಬೆಳಗ್ಗೆ ಜಕ್ಕೂರು ಕೆರೆ ಏರಿ ಮೇಲೆ ಸೇರುವ ನಮ್ಮ ಗುಂಪಿನಲ್ಲಿ ಈ ಮಾತು ಹೇಳದವರು ಯಾರೂ ಇರಲಿಲ್ಲ. ಪೋಲರೈಸರ್ ಅಂದರೆ ನೀರಿನ ಮೇಲಿನ ಹೊಳಪು ಕಡಿಯುವ ಫಿಲ್ಟರ್, ಸಾಮಾನ್ಯವಾಗಿ ಅದನ್ನು ತಿರುಗಿಸಿ ಹೊಂದಿಸುತ್ತಾರೆ. ನನ್ನದು ಒಂದೇ ಕೋನದಲ್ಲಿ ಕೂರಿಸಿದ್ದು. ಈ ಚಳಿಗಾಲದಲ್ಲಿ ಅದರಲ್ಲೇ ತೆಗೆದ, ನೀರೊಳಗೆ ಮುಳುಗಿ ಮೀನಿನ ಹಿಂದೆ ಹೊರಟ ನೀರುಕಾಗೆಯ ಫೋಟೋ ತೋರಿಸಿದೆ. ಹಕ್ಕಿಯ ಬೆನ್ನು, ಪಾದ, ಮುಂದೆ ಓಡುವ ಮೀನು ಎಲ್ಲಾ ಕಾಣುತ್ತದೆ. ಈಗ ಅವರಲ್ಲೇ ಮೂವರು ನನಗೂ ಒಂದು ಮಾಡಿಕೊಡಿ ಅನ್ನುತ್ತಿದ್ದಾರೆ.

ಮೊದಲು ಕಳೆದುಕೊಂಡ ದುಡ್ಡಿನ ಕಥೆ. ಆಗ ನನ್ನ ಹತ್ತಿರ 150-600 ಎಂಎಂ ಜೂಮ್ ಲೆನ್ಸ್ ಇತ್ತು. ಅದಕ್ಕೆ 95 ಎಂಎಂ ಫಿಲ್ಟರ್ ಬೇಕು. ಮೂರು ಸಾವಿರ ಚಿಲ್ಲರೆಗೆ ಒಂದು ಪೋಲರೈಸರ್ ಕೊಂಡೆ. 200 ಎಂಎಂನಲ್ಲಿ ಪರವಾಗಿಲ್ಲ, 600ಕ್ಕೆ ಜೂಮ್ ಮಾಡಿದರೆ ಹಕ್ಕಿಯ ಗರಿಯೆಲ್ಲಾ ಹತ್ತಿಯ ಹಾಗೆ. ಮನೆ ಟೆರೇಸಿನಿಂದ ಎದುರು ಬಿಲ್ಡಿಂಗಿನ ನೀರಿನ ಟ್ಯಾಂಕ್ ಮೇಲಿನ ಅಕ್ಷರಗಳನ್ನು ಫಿಲ್ಟರ್ ಹಾಕಿ, ತೆಗೆದು, ನಲವತ್ತು ಫೋಟೋವಾದರೂ ಹೊಡೆದಿರಬೇಕು. ಗಾಜು ಸಮತಟ್ಟಾಗಿಲ್ಲ, ಅಷ್ಟೇ ವಿಷಯ. ಉದ್ದದ ಲೆನ್ಸು ಆ ಸಣ್ಣ ದೋಷವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಸ್ನೇಹಿತರೊಬ್ಬರ ದುಬಾರಿ ಫಿಲ್ಟರ್ ಎರಡು ವಾರ ಬಳಸಿ ನೋಡಿದೆ, ಅದು ಚೆನ್ನಾಗಿಯೇ ಇತ್ತು. ಆದರೆ ತಿರುಗಿಸೋಕೆ ಪ್ರತಿ ಸಲ ಲೆನ್ಸಿನ ಮುಂದಿನ ನೆರಳಿನ ಕೊಳವೆ, ಅಂದರೆ ಹುಡ್, ತೆಗೆಯಬೇಕು, ಅಷ್ಟರಲ್ಲಿ ಮಿಂಚುಳ್ಳಿ ಹಾರಿ ಹೋಗಿರುತ್ತದೆ.

ಆಮೇಲೆ ಸೆಕೆಂಡ್ ಹ್ಯಾಂಡ್ ನಿಕಾನ್ 500 ಎಂಎಂ ಎಫ್/4 ಬಂತು, ಸುಮಾರು 2.5 ಲಕ್ಷ. ಅದರ ಮುಂದಿನ ಗಾಜೇ 125 ಎಂಎಂ ಮೇಲೆ, ಮುಂದೆ ಫಿಲ್ಟರ್ ಹಾಕುವ ಮಾತೇ ಇಲ್ಲ. ಹಿಂದೆ 52 ಎಂಎಂ ಡ್ರಾಪ್-ಇನ್ ಹೋಲ್ಡರ್ ಇದೆ, ಅಂದರೆ ಸಣ್ಣ ಫಿಲ್ಟರ್ ಇಟ್ಟು ಲೆನ್ಸಿನ ಗೂಡಿನೊಳಗೆ ಇಳಿಸುವ ಚೌಕಟ್ಟು. ಚಕ್ರ ತಿರುಗಿಸುವ ಅಸಲಿ ಪೋಲರೈಸರಿಗೆ ನನಗೆ ಹೇಳಿದ ಬೆಲೆ 25 ಸಾವಿರದ ಮೇಲೆ. ಲೆನ್ಸಿಗೇ ಸಾಲ ಮಾಡಿದ್ದೆ, ಆಗಲಿಲ್ಲ.

ಒಂದು ದಿನ ಏರಿ ಮೇಲೆ ಕೂತಿದ್ದಾಗ ಹೊಳೆಯಿತು. ಕೆರೆಯ ನೀರು ಯಾವಾಗಲೂ ಮಟ್ಟಸವಾಗಿಯೇ ಇರುತ್ತದೆ ಅಲ್ವಾ. ಹಾಗಾದರೆ ಅದರ ಹೊಳಪು ಕಡಿಯಲು ಫಿಲ್ಟರ್ ತಿರುಗಿಸಿ ನಿಲ್ಲಿಸಬೇಕಾದ ಕೋನವೂ ಯಾವಾಗಲೂ ಒಂದೇ. ಕ್ಯಾಮೆರಾ ಅಡ್ಡ ಹಿಡಿದಿರುವ ತನಕ ಫಿಲ್ಟರನ್ನು ತಿರುಗಿಸುವ ಅಗತ್ಯವೇ ಇಲ್ಲ. ಒಮ್ಮೆ ಸರಿಯಾಗಿ ಕೂರಿಸಿದರೆ ಸಾಕು.

ಸಾಮಾನ್ಯ 52 ಎಂಎಂ ಪೋಲರೈಸರ್ ದಪ್ಪ, ಅದರ ತಿರುಗುವ ರಿಂಗ್ ಲೆನ್ಸಿನ ಗೂಡಿನೊಳಗೆ ಹೋಗುವುದಿಲ್ಲ. ಅದಕ್ಕೇ ಗಾಜು ಬಿಚ್ಚಿ, ಹಳೆಯ ಯುವಿ ಫಿಲ್ಟರಿನ ಖಾಲಿ ರಿಂಗಿಗೆ ಕೂರಿಸಿದೆ. ಮೊದಲನೆಯದರ ಅಂಚು ಬಿಚ್ಚುವಾಗಲೇ ಒಡೆಯಿತು, 4,500 ಹೋಯಿತು. ಎರಡನೆಯದಕ್ಕೆ ತಕ್ಷಣ ಅಂಟುವ ಗಮ್ ಹಾಕಿದೆ. ಬೆಳಗ್ಗೆ ನೋಡಿದರೆ ಗಮ್ಮಿನ ಆವಿಗೆ ಗಾಜಿನ ತುಂಬಾ ಬಿಳಿ ಮಂಜು. ಒರೆಸಿದರೆ ಕೋಟಿಂಗೇ ಕಿತ್ತು ಬಂತು. ಮೂರನೆಯದು ನೀಟಾಗಿ ಕೂತಿತು, ಆದರೆ ಕೆರೆಯಲ್ಲಿ ನೋಡಿದರೆ ಏನೂ ವ್ಯತ್ಯಾಸವಿಲ್ಲ. ಒಂದು ವಾರ ತಲೆ ಕೆಡಿಸಿಕೊಂಡೆ. ಗಾಜನ್ನು ಹಿಂದುಮುಂದು ಹಾಕಿದ್ದೆ. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಸರ್ಕ್ಯುಲರ್ ಪೋಲರೈಸರಿನ ಎರಡು ಮುಖವೂ ಒಂದೇ ಅಲ್ಲ, ತಿರುವಿ ಹಾಕಿದರೆ ಬಣ್ಣ ಸ್ವಲ್ಪ ಬದಲಾಗುತ್ತದೆ, ಹೊಳಪು ಹೋಗುವುದಿಲ್ಲ. ಕೂರಿಸುವ ಮೊದಲು ಲ್ಯಾಪ್‌ಟಾಪ್ ಸ್ಕ್ರೀನ್ ಮುಂದೆ ಹಿಡಿದು ತಿರುಗಿಸಿ. ಕಪ್ಪಾದರೆ ಸ್ಕ್ರೀನ್ ಕಡೆ ಇರುವುದೇ ಹಕ್ಕಿಯ ಕಡೆ ಇರಬೇಕಾದ ಮುಖ.

ಕೋನಕ್ಕೆ ಮಾತ್ರ ಲ್ಯಾಪ್‌ಟಾಪ್ ನಂಬಬೇಡಿ, ಕೆಲವು ಸ್ಕ್ರೀನಿನ ಬೆಳಕು ಕಂಪಿಸುವ ದಿಕ್ಕು ಓರೆಯಾಗಿರುತ್ತದೆ. ನಾನು ಅಡುಗೆಮನೆಯ ಕಪ್ಪು ಗ್ರಾನೈಟ್ ಕಟ್ಟೆ ಬಳಸಿದೆ. ಕಿಟಕಿಯ ಬೆಳಕು ಕಟ್ಟೆ ಮೇಲೆ ಹೊಳೆಯುವ ಕಡೆ ಓರೆಯಾಗಿ ನೋಡುತ್ತಾ, ಹೊಳಪು ಪೂರ್ತಿ ಸಾಯುವ ಜಾಗದಲ್ಲಿ ಗುರುತು ಹಾಕಿದೆ. ಗಾಜು ರಿಂಗಿಗಿಂತ ಕೂದಲೆಳೆ ಸಡಿಲ ಇರುತ್ತದೆ. ಅದನ್ನು ಅಲುಗಾಡದ ಹಾಗೆ ಯಾವುದರಿಂದ ನಿಲ್ಲಿಸಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ, ಮೂರು ಫಿಲ್ಟರ್ ಬೆಲೆ ತೆತ್ತು ಕಲಿತದ್ದು.

ಇನ್ನೊಂದು ಮಾತು. ಹೋಲ್ಡರ್ ಖಾಲಿ ಬಿಟ್ಟು ಮಾತ್ರ ಬಳಸಬೇಡಿ. ಅಲ್ಲಿನ ಗಾಜೂ ಲೆನ್ಸಿನ ಲೆಕ್ಕದಲ್ಲೇ ಸೇರಿದೆ.

ಎಲ್ಲಿ ನಿಲ್ಲುತ್ತೀರಿ ಅನ್ನುವುದು ಫಿಲ್ಟರಿಗಿಂತ ದೊಡ್ಡ ವಿಷಯ. ದಡದಲ್ಲಿ ಮಲಗಿ ಐವತ್ತು ಮೀಟರ್ ದೂರದ ಹೆಜ್ಜಾರ್ಲೆಗೆ ಹಿಡಿದರೆ ಪೋಲರೈಸರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನೀರಿನ ಮಟ್ಟದಿಂದ 37 ಡಿಗ್ರಿ ಮೇಲಿನಿಂದ ನೋಡಿದರೆ ಹೊಳಪು ಪೂರ್ತಿ ಹೋಗುತ್ತದೆ, 20 ಡಿಗ್ರಿ ಸಿಕ್ಕರೂ ಚೆನ್ನಾಗಿ ಕೆಲಸ ಮಾಡುತ್ತದೆ. ಅಂದರೆ ಎತ್ತರದ ಏರಿ ಇಲ್ಲವೇ ಸೇತುವೆ ಬೇಕು, ಹಕ್ಕಿ ಹತ್ತು ಹನ್ನೆರಡು ಮೀಟರ್ ಒಳಗೆ ಬರಬೇಕು. ನೀರುಕಾಗೆ ಸಿಕ್ಕ ಜಾಗ ಕೇಳಬೇಡಿ, ಹೇಳಿದರೆ ಮುಂದಿನ ವಾರ ಅಲ್ಲಿ ಇಪ್ಪತ್ತು ಟ್ರೈಪಾಡ್ ನಿಂತಿರುತ್ತವೆ.

ಫಿಲ್ಟರಿನಿಂದ ಬೆಳಕು ಒಂದೂವರೆ ಸ್ಟಾಪ್ ಹೋಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಬೆಳಗ್ಗೆ ಏಳೂವರೆಗೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 800ರಲ್ಲಿ 1/1000 ಸೆಕೆಂಡ್ ಶಟರ್ ಸಿಗುತ್ತಿದ್ದ ಕಡೆ ಐಎಸ್‌ಒ 2,000, 2,500 ಬೇಕಾಗುತ್ತದೆ. ನನಗೆ ಅದು ಬೇಸರವಿಲ್ಲ. ಐಎಸ್‌ಒ ಏರಿಸಿದಾಗ ಬರುವ ಕಾಳುಕಾಳು ನಾಯ್ಸ್ ಆಮೇಲೆ ತೆಗೆಯಬಹುದು, ನೀರಿನ ಬಿಳಿ ಹೊಳಪಿನ ಅಡಿ ಮುಚ್ಚಿಹೋದ ಮೀನನ್ನು ಯಾವ ಸಾಫ್ಟ್‌ವೇರೂ ತರುವುದಿಲ್ಲ.

2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನಕ್ಕೂ ಅದನ್ನೇ ಹಾಕಿಕೊಂಡು ಹೋಗಿದ್ದೆ. ಆಕಾಶ ಕಡು ನೀಲಿಯಾಗಲಿ ಎಂಬ ಆಸೆ. ಆಕಾಶಕ್ಕೆ ಬೇಕಾದ ಫಿಲ್ಟರಿನ ಕೋನ ಸೂರ್ಯನ ಜೊತೆ ಬದಲಾಗುತ್ತದೆ, ಕೂರಿಸಿದ ಫಿಲ್ಟರ್ ಅಲ್ಲಿ ಬೇಡ. ಆದರೆ ಒಂದೆರಡು ಫ್ರೇಮಿನಲ್ಲಿ ಕಾಕ್‌ಪಿಟ್ಟಿನ ಪ್ಲಾಸ್ಟಿಕ್ ಮೇಲೆ ಕಾಮನಬಿಲ್ಲಿನ ಬಣ್ಣ ಮೂಡಿತ್ತು, ಅವು ನನಗೆ ತುಂಬಾ ಇಷ್ಟ. ಮಧ್ಯಾಹ್ನದ ಬಿಸಿಗಾಳಿಯ ಕುಲುಕಾಟಕ್ಕೆ ಮಾತ್ರ ಇದು ಮದ್ದಲ್ಲ, ಅದನ್ನೂ ನೋಡಿದೆ.

ಉಳಿದದ್ದು ಉದ್ದ ಫ್ರೇಮಿನ, ಅಂದರೆ ಕ್ಯಾಮೆರಾ ನೆಟ್ಟಗೆ ತಿರುಗಿಸಿ ತೆಗೆಯುವ ಫೋಟೋದ, ತೊಂದರೆ. ಟ್ರೈಪಾಡಿಗೆ ಲೆನ್ಸ್ ಹಿಡಿದಿಡುವ ಬಳೆಯಲ್ಲಿ (ಕಾಲರ್) ಲೆನ್ಸ್ ತಿರುಗಿಸಿದರೆ ಫಿಲ್ಟರೂ 90 ಡಿಗ್ರಿ ತಿರುಗಿ, ಹಕ್ಕಿ ಮಾಯವಾಗಿ ಹೊಳಪು ಮಾತ್ರ ಉಳಿಯುತ್ತದೆ. ಅದಕ್ಕೆ ಹಳೆಯ ಹೋಲ್ಡರ್ ಇನ್ನೊಂದು ಹುಡುಕಿ ತಂದಿದ್ದೇನೆ, 1,800 ಆಯಿತು. ಅದರಲ್ಲಿ ಗಾಜು 90 ಡಿಗ್ರಿಗೆ ಕೂರಿಸಿ ಕೆಂಪು ಚುಕ್ಕೆ ಇಟ್ಟಿದ್ದೇನೆ. ನಿನ್ನೆ ಗ್ರಾನೈಟ್ ಕಟ್ಟೆ ಮೇಲೆ ಸರಿಯಾಗಿ ಬಂತು, ಬರುವ ಭಾನುವಾರ ಕೆರೆಗೆ ಒಯ್ಯುತ್ತೇನೆ.