ಚೆಕ್ ಎಂಜಿನ್ ಲೈಟ್ ಎಣಿಸಿ ಕೋಡ್ ಓದಿದ್ದು

ನಾನಿರುವುದು ಡೊಂಬಿವಲಿಯಲ್ಲಿ, ಕಾರು 2001ರ ಹೋಂಡಾ ಸಿಟಿ. ಈ ಮಳೆಗಾಲದಲ್ಲಿ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು. ರೇಡಿಯೇಟರ್ ಫ್ಯಾನ್ ಬೇರೆ ಬಿಡದೆ ತಿರುಗುತ್ತಿತ್ತು. "ಸೆನ್ಸರ್ ಹೋಗಿದೆ, ಹೊಸದು ಹಾಕಿ" ಎಂದರು ಗ್ಯಾರೇಜಿನವರು. ಯಾವ ಸೆನ್ಸರ್, ಯಾಕೆ ಹೋಯಿತು ಎಂದು ತಿಳಿಯದೆ ದುಡ್ಡು ಸುರಿಯಲು ನನಗೆ ಮನಸ್ಸಾಗಲಿಲ್ಲ.

ತೊಂದರೆ ಎಲ್ಲಿದೆ ಎಂದು ಕಾರು ಒಂದು ನಂಬರಿನಲ್ಲಿ, ಅಂದರೆ ಕೋಡಿನಲ್ಲಿ, ಹೇಳುತ್ತದೆ. ಅದನ್ನು ಓದಲು ಫೋನಿಗೆ ಜೋಡಿಸುವ ಬ್ಲೂಟೂತ್ ಸ್ಕ್ಯಾನರ್ ಓಬಿಡಿ-2 (ಎಲ್ಲ ಕಂಪನಿಗೂ ಒಂದೇ ಥರದ ದೋಷಪತ್ತೆ ವ್ಯವಸ್ಥೆ) ಇರುವ ಕಾರಿಗೆ ಮಾತ್ರ. ನಮ್ಮಲ್ಲಿ ಅದು ಕಡ್ಡಾಯವಾದದ್ದು 2013ರಲ್ಲಿ. ನನ್ನಂಥ ಹಳೇ ಕಾರಿನಲ್ಲಿ ಲೈಟ್ ಮಿನುಗುವುದನ್ನೇ ಎಣಿಸಬೇಕು.

ಕೀ ಆಫ್ ಮಾಡಿ, ಡ್ಯಾಶ್‌ಬೋರ್ಡಿನ ಕೆಳಗಿನ ಎರಡು ಪಿನ್ನಿನ ಸರ್ವಿಸ್ ಚೆಕ್ ಕನೆಕ್ಟರ್ ಹುಡುಕಿದೆ. ಎರಡೂ ಪಿನ್ನುಗಳನ್ನು ವೈರ್ ತುಂಡಿನಿಂದ ಜೋಡಿಸಿ ಕೀ ಆನ್ ಮಾಡಿದೆ, ಚೆಕ್ ಎಂಜಿನ್ ಲೈಟ್ ಮಿನುಗತೊಡಗಿತು. ಸ್ಟಾರ್ಟ್ ಮಾಡಬಾರದು. ಹತ್ತಿರವೇ ಇರುವ ಮೂರು ಪಿನ್ನಿನ ಕನೆಕ್ಟರನ್ನು ಜೋಡಿಸಲೇಬೇಡಿ. ಏರ್‌ಬ್ಯಾಗ್ ಇದ್ದರೆ ಅದರ ಹಳದಿ ಕನೆಕ್ಟರಿಗೂ ಕೈ ಹಾಕಬೇಡಿ. ಉದ್ದ ಮಿನುಗು ಒಂದಕ್ಕೆ ಹತ್ತು, ಚಿಕ್ಕದಕ್ಕೆ ಒಂದು. ನನಗೆ ಬಂದದ್ದು ಆರು ಚಿಕ್ಕವು. ಕೋಡ್ 6, ಅಂದರೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಎಷ್ಟು ಬಿಸಿ ಎಂದು ಹೇಳುವ ಟೆಂಪರೇಚರ್ ಸೆನ್ಸರಿನ ಸರ್ಕ್ಯೂಟ್.

ಇಲ್ಲೇ ಜಾಸ್ತಿ ಜನ ಎಡವುವುದು. ಕೋಡ್ ಹೇಳುವುದು ಸರ್ಕ್ಯೂಟಿನ ವಿಷಯ, ಸೆನ್ಸರ್ ಸತ್ತಿದೆ ಅಂತ ಅಲ್ಲ. ಸೆನ್ಸರ್, ವೈರ್, ಕನೆಕ್ಟರ್, ಮೂರರಲ್ಲಿ ಯಾವುದಾದರೂ ಇರಬಹುದು ಅಲ್ವಾ? ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡಿದ್ದ ಸಾದಾ ಮಲ್ಟಿಮೀಟರ್ ಹಿಡಿದು ಸೆನ್ಸರಿನ ರೆಸಿಸ್ಟೆನ್ಸ್ (ವಿದ್ಯುತ್ ತಡೆ) ಅಳೆದೆ. ಎಂಜಿನ್ ತಣ್ಣಗಿದ್ದಾಗ ಎರಡು ಸಾವಿರ ಓಮ್‌ಗೆ ತುಸು ಕಡಿಮೆ, ಬಿಸಿಯಾದ ಮೇಲೆ 200ರಿಂದ 400ರ ನಡುವೆ. ಬಿಸಿ ಏರಿದಂತೆ ಓಮ್ ಇಳಿಯಬೇಕು, ಇಳಿಯುತ್ತಿದೆ. ಸೆನ್ಸರ್ ಗಟ್ಟಿಯಾಗಿಯೇ ಇದೆ.

ಕನೆಕ್ಟರ್ ಬಿಚ್ಚಿ ನೋಡಿದರೆ ಪಿನ್ನಿನ ಮೇಲೆ ಹಸಿರು ಕಿಲುಬು. ರಬ್ಬರ್ ಸೀಲ್ ಸೀಳಿ ಮಳೆನೀರು ಒಳಗೆ ಹೋಗಿದೆ. ಸಂಪರ್ಕ ತಪ್ಪಿದಾಗ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಎಂಜಿನ್ ಎಷ್ಟು ಬಿಸಿ ಎಂದು ಗೊತ್ತಾಗುವುದಿಲ್ಲ. ಎಂಜಿನ್ ಕಾದು ಕೆಡದಿರಲಿ ಎಂದು ಅದು ಫ್ಯಾನನ್ನು ಓಡಿಸುತ್ತಲೇ ಇರುತ್ತದೆ.

ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಉಜ್ಜಿದೆ. ವೈರ್ ತುಂಡು ತೆಗೆದೆ. ಅದನ್ನು ಅಲ್ಲೇ ಬಿಟ್ಟರೆ ಲೈಟ್ ಆರುವುದೇ ಇಲ್ಲ. ಆಮೇಲೆ ಇಸಿಯುವಿನ ಮೆಮೊರಿಗೆ ಕರೆಂಟ್ ಕೊಡುವ ಬ್ಯಾಕಪ್ ಫ್ಯೂಸ್ ಹತ್ತು ಸೆಕೆಂಡ್ ಕಿತ್ತಿಟ್ಟು ಕೋಡ್ ಅಳಿಸಿದೆ. ಕಲ್ಯಾಣದವರೆಗೆ ಓಡಿಸಿ ಬಂದೆ, ಲೈಟ್ ಬರಲಿಲ್ಲ. ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಹಳೇ ಕಾರೊಂದರ ಕನೆಕ್ಟರ್ ಸೀಲ್ ಸಮೇತ ಸಿಕ್ಕಿತು. ಈಗ ಅದೇ ಹಾಕಿದ್ದೇನೆ.